ಬೇಳೆ ಬೇಯದ ನೀರು

"ಅತ್ಲಾಗಿನ ನೀರಲ್ಲಿ ಬೇಳೆ ಬೇಯಲ್ಲ ಮೇಷ್ಟ್ರೆ."

ಆ ಊರಿನಲ್ಲಿ ಈ ಮಾತನ್ನು ನನಗೆ ಹೇಳದವರು ಕಡಿಮೆ. ಪಂಚಾಯಿತಿಯವರು ಹೇಳಿದರು, ಕೊಬ್ಬರಿ ಸುಲಿಯುತ್ತಾ ಕೂತಿದ್ದವರು ಹೇಳಿದರು, ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ನಾನು ಕೇಳದೆಯೇ ಹೇಳಿದರು. ಅದು ಸುಳ್ಳಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಸುಳ್ಳನ್ನು ಹಿಡಿದು ಜಗ್ಗಬಹುದು. ಅವರು ಹೇಳುತ್ತಿದ್ದದ್ದು ನಿಜ.

ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಊರು. ಹೆಸರು ಬೇಡ. ಅಲ್ಲಿ ಎರಡು ಕೊಳವೆಬಾವಿಗಳಿವೆ. ಒಂದು ಊರ ನಡುವೆ, ಕೊಬ್ಬರಿ ಮಂಡಿಯ ಪಕ್ಕ. ಅದಕ್ಕೆ ಸೀನೀರಿನ ಬೋರು ಎನ್ನುತ್ತಾರೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಪಾತ್ರೆಗೆ ಬಿಳಿ ಕರೆ ಕಟ್ಟುವುದಿಲ್ಲ, ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ. ಇನ್ನೊಂದು ಕಾಲೋನಿಯಲ್ಲಿ. ಅದರ ನೀರು ಗಡಸು, ನಾಲಗೆಗೆ ಸ್ವಲ್ಪ ಒಗರು, ಕಾಯಿಸಿದರೆ ತಳದಲ್ಲಿ ಸುಣ್ಣ ಕಟ್ಟುತ್ತದೆ. ಅದಕ್ಕೆ ಹೆಸರೇ ಇಲ್ಲ. ಅತ್ಲಾಗಿನ ಬೋರು, ಅತ್ಲಾಗಿನ ನೀರು. ಕಾಲೋನಿ ಎಂದರೆ ಯಾವ ಕಾಲೋನಿ ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಅರ್ಧ ಮನೆಗಳ ಗೋಡೆಯ ಮೇಲೆ ಬುದ್ಧನ ಫೋಟೊ ಇದೆ. ಅಂಥದ್ದೇ ಫೋಟೊ ಇರುವ, ಅಂಥದ್ದೇ ಇನ್ನೊಂದು ಕಾಲೋನಿಯ ಮನೆಯಲ್ಲಿ ಹುಟ್ಟಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಊರಿನಲ್ಲಂತೂ ನಾನು ಬಾಯಿ ತೆರೆಯುವ ಮೊದಲೇ ಎಲ್ಲರಿಗೂ ಗೊತ್ತಾಗಿತ್ತು.

ನನ್ನನ್ನು ಕರೆಸಿದವಳು ಅಲ್ಲಿನ ಅಂಗನವಾಡಿ ಟೀಚರ್. ಅರಸೀಕೆರೆಯ ಕಾಲೇಜಿನಲ್ಲಿ ನನ್ನ ಕೆಮಿಸ್ಟ್ರಿ ತರಗತಿಯಲ್ಲಿ ಕೂತಿದ್ದವಳು. ಫೋನಿನಲ್ಲಿ, "ಸಾರ್, ಊರೊಳಗಿನ ಮಕ್ಕಳ ಹಲ್ಲೆಲ್ಲ ಕಂದು ಪಟ್ಟೆ. ಕಾಲೋನಿ ಮಕ್ಕಳ ಹಲ್ಲು ಬೆಳ್ಳಗಿವೆ. ಸಿಹಿ ನೀರನ್ನ ನಂಬಬೇಡಿ ಅಂತ ನೀವು ಕ್ಲಾಸಲ್ಲಿ ಒಂದ್ಸಲ ಹೇಳಿದ್ರಿ," ಎಂದಳು. ನಾನು ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಹೇಳಿರಬಹುದು. ನನ್ನ ನೆನಪಿನ ಬಗ್ಗೆ ನನಗೆ ಈಚೆಗೆ ಅಷ್ಟೇನೂ ಗೌರವ ಉಳಿದಿಲ್ಲ.

ವಿಷಯ ಇಷ್ಟು. ಅಂಗನವಾಡಿಗೂ ಶಾಲೆಗೂ ಸೇರಿ ಪಂಚಾಯಿತಿ ಹೊಸ ಟ್ಯಾಂಕು ಕಟ್ಟಿಸಿತ್ತು. ಅದಕ್ಕೆ ಸೀನೀರಿನ ಬೋರಿನಿಂದ ಪೈಪು ಎಳೆಯುವುದು, ಕಾಲೋನಿಯ ಬೋರನ್ನು ಮುಚ್ಚಿ ಅದರ ಮೋಟಾರನ್ನು ಎತ್ತಿ ಸೀನೀರಿನ ಬೋರಿಗೆ ಇಳಿಸುವುದು, ಕಾಲೋನಿಗೂ ಅಲ್ಲಿಂದಲೇ ನೀರು ಕೊಡುವುದು ಎಂದು ಮಾತಾಗಿತ್ತು. ಒಳ್ಳೆಯ ನೀರನ್ನು ಕೇರಿಗೂ ಕೊಡುತ್ತಿದ್ದೇವೆ ಎಂಬ ಹೆಮ್ಮೆ ಬೇರೆ. ಟೀಚರ್ ಅನುಮಾನ ನಿಜವಾಗಿದ್ದರೆ, ಊರಿನ ಅಷ್ಟೂ ಮಕ್ಕಳು ಇನ್ನು ಮುಂದೆ ಹಲ್ಲನ್ನು ಕಂದು ಮಾಡುವ ಫ್ಲೋರೈಡ್ ಇರುವ ನೀರು ಕುಡಿಯುತ್ತಾರೆ, ಸರಿಯಿದ್ದ ಒಂದೇ ಬೋರು ಮುಚ್ಚಿಹೋಗುತ್ತದೆ.

ಅಂಗನವಾಡಿಯಲ್ಲಿ ಅಡುಗೆ ಮಾಡುವ ಸಹಾಯಕಿ ಊರೊಳಗಿನವಳು, ಐವತ್ತು ದಾಟಿದ ಹೆಂಗಸು. ಬಾಯಿ ಜೋರು. ಮಗಳು ಅಳಿಯ ಬಿಕ್ಕೋಡಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದರು. ಮೊಮ್ಮಗ ಹುಟ್ಟಿದಾಗಿನಿಂದ ಅಜ್ಜಿಯ ಹತ್ತಿರವೇ ಬೆಳೆದವನು. ಈಗ ಹೈಸ್ಕೂಲು, ನಗುವಾಗ ಕೈ ಅಡ್ಡ ಹಿಡಿಯುತ್ತಾನೆ. ಮೊಮ್ಮಗಳನ್ನು ಮಾತ್ರ ಆಗತಾನೆ ತೋಟದಿಂದ ಕರೆತಂದಿದ್ದರು. ಹಾಲುಹಲ್ಲು ಪೂರ್ತಿ ಬಂದ ವಯಸ್ಸು. ಅವುಗಳ ಕೆಳಗೆ, ಕಣ್ಣಿಗೆ ಕಾಣದ ಹಾಗೆ, ಶಾಶ್ವತ ಹಲ್ಲುಗಳು ಕಟ್ಟಿಕೊಳ್ಳುವುದು ಆ ವಯಸ್ಸಿನಲ್ಲೇ.

"ನನ್ನ ಮೊಮ್ಮಗನ ಹಲ್ಲು ಬೆಲ್ಲ ತಿಂದು ಹಾಳಾಗಿರೋದು," ಎಂದಳು ಆಕೆ ಮೊದಲ ದಿನವೇ, ನಾನು ಬಾಟಲಿಗೆ ನೀರು ಹಿಡಿಯುತ್ತಿರುವಾಗ. "ನೀರಿನ ಮೇಲೆ ಯಾಕೆ ಹಾಕ್ತೀರಿ? ಅತ್ಲಾಗಿನ ನೀರು ಕೊಟ್ರೆ ನಾನು ಮಧ್ಯಾಹ್ನದೊಳಗೆ ಬೇಳೆ ಬೇಯಿಸಕ್ಕಾಗಲ್ಲ. ನೀವು ಬಂದು ಒಲೆ ಊದ್ತೀರಾ?"

ಎರಡೂ ಬೋರಿನ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಕೊಂಡೆ. ಗಾಜಿನಲ್ಲಿ ಬೇಡ, ಫ್ಲೋರೈಡ್ ಅಳೆಯುವಾಗ ಗಾಜನ್ನು ನಂಬಬಾರದು. ಕಾಲೇಜಿಗೆ ಬಂದು ಮೊದಲು ಗಡಸುತನ ನೋಡಿದೆ. ನೀರಿಗೆ ಒಂದು ಬಣ್ಣ ಹಾಕಿದರೆ ಕ್ಯಾಲ್ಸಿಯಂ ಇರುವವರೆಗೆ ವೈನಿನಂಥ ಕೆಂಪು. ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವ ದ್ರಾವಣವನ್ನು ಬ್ಯುರೆಟ್ ಎಂಬ ಅಳತೆಯ ಕೊಳವೆಯಿಂದ ಹನಿಹನಿಯಾಗಿ ಬಿಡುತ್ತಾ ಹೋದರೆ ಒಂದು ಹನಿಗೆ ನೀಲಿ. ಸೀನೀರು ಬ್ಯುರೆಟ್ ತಿರುಗಿಸಿದ ಕೂಡಲೇ ನೀಲಿಯಾಯಿತು. ಕಾಲೋನಿಯ ನೀರು ಬ್ಯುರೆಟ್ಟಿನ ಮುಕ್ಕಾಲು ಭಾಗ ಕುಡಿದು ಆಮೇಲೆ ನೀಲಿಯಾಯಿತು. ಎಂದರೆ ಬೇಳೆಯ ಮಾತು ನಿಜ. ಬೇಳೆಯ ಕಾಳಿನ ಗೋಡೆಗಳನ್ನು ಕ್ಯಾಲ್ಸಿಯಂ ಬಿಗಿದು ಕಟ್ಟುತ್ತದೆ, ಅದು ಬಿಡುವುದಿಲ್ಲ, ಬೇಯುವುದಿಲ್ಲ.

ಆಮೇಲೆ ಫ್ಲೋರೈಡ್. ಅದರ ಪರೀಕ್ಷೆಯ ದ್ರಾವಣ ಕೆಂಪು. ಜಿರ್ಕೋನಿಯಂ ಎಂಬ ಲೋಹ ಒಂದು ಬಣ್ಣದ ಜೊತೆ ಸೇರಿಕೊಂಡಿರುವುದರಿಂದ ಆ ಕೆಂಪು. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಂ ಅನ್ನು ಬಣ್ಣದಿಂದ ಕಿತ್ತುಕೊಳ್ಳುತ್ತದೆ, ದ್ರಾವಣ ಹಳದಿಗೆ ಇಳಿಯುತ್ತದೆ. ಎಷ್ಟು ಇಳಿಯಿತು ಎಂದು ಅಳತೆ ಗೊತ್ತಿರುವ ನಳಿಕೆಗಳ ಪಕ್ಕದಲ್ಲಿಟ್ಟು ನೋಡಬೇಕು. ಕಾಲೋನಿಯ ನೀರು ಕೆಂಪಗೇ ಉಳಿಯಿತು. ಸೀನೀರು ಹಳದಿ. ಕುಡಿಯಬಹುದಾದ ಮಿತಿಯ ದುಪ್ಪಟ್ಟಿಗೂ ಹೆಚ್ಚು.

ಅದನ್ನು ಹಿಡಿದುಕೊಂಡು ಪಂಚಾಯಿತಿ ಸಭೆಗೆ ಹೋದೆ. ಹಾಗೆ ಆತುರ ಪಡಬಾರದಿತ್ತು.

ಸಭೆಯಲ್ಲಿ ಮಾತಾಡಿದವರು ಇಬ್ಬರೇ. ಒಬ್ಬರು ಕೊಬ್ಬರಿ ಮಂಡಿಯ ಸದಸ್ಯರು, ಹಣೆ ತುಂಬ ವಿಭೂತಿ, ಮಾತು ಮೆತ್ತಗೆ. ಇನ್ನೊಬ್ಬ ಯುವಕ, ನೀರು ಸರಬರಾಜಿನ ಎಂಜಿನಿಯರ್.

"ಮೇಷ್ಟ್ರದ್ದೂ ಆ ಕಡೆ ಊರಲ್ವ?" ಎಂದರು ಸದಸ್ಯರು.

"ಯಾವ ಕಡೆ?"

"ಅದೇ, ಆ ಕಡೆ." ನಕ್ಕರು. "ಇರ್ಲಿ ಬಿಡಿ, ಓದಿರೋರು, ಪಕ್ಷಪಾತ ಮಾಡಲ್ಲ. ಏನೋ ಹೇಳಕ್ಕೆ ಬಂದಿದೀರಲ್ಲ, ಹೇಳಿ."

ಹೇಳಿದೆ. ಎಂಜಿನಿಯರ್ ಗಮನವಿಟ್ಟು ಕೇಳಿ ಒಂದೇ ಪ್ರಶ್ನೆ ಕೇಳಿದ. "ಸಾರ್, ಸೀನೀರಲ್ಲಿ ಕ್ಷಾರ ಜಾಸ್ತಿ ಇರುತ್ತೆ. ಮೊದಲು ಆಸಿಡ್ ಹಾಕಿ ಅದನ್ನ ಕಳೆದಿದ್ರಾ? ಇಲ್ಲಾಂದ್ರೆ ಬಣ್ಣ ನಂಬಕ್ಕಾಗಲ್ಲ ಅಲ್ವ?"

ಸರಿಯಾದ ಪ್ರಶ್ನೆ. ಅದಕ್ಕೇ ಅವನ ಮೇಲೆ ಕೋಪ ಬಂತು. ಆಸಿಡ್ ಸೀಸೆಯ ಬಿರಡೆ ತೆಗೆದದ್ದು, ಎರಡು ಹನಿ ಬಿಟ್ಟದ್ದು, ಮೂಗಿಗೆ ಬಂದ ವಾಸನೆ, ಎಲ್ಲ ಕಣ್ಣ ಮುಂದೆ ಇತ್ತು. ಆದರೆ ಆ ಪ್ರಯೋಗವನ್ನು ನಾನು ಪ್ರತಿ ವರ್ಷವೂ ವಿದ್ಯಾರ್ಥಿಗಳ ಮುಂದೆ ಮಾಡುತ್ತೇನೆ. ಕಣ್ಣ ಮುಂದಿದ್ದ ಸೀಸೆ ಆ ವಾರದ್ದೋ, ಹೋದ ವರ್ಷದ್ದೋ? ಎಷ್ಟು ತಿರುವಿ ನೋಡಿದರೂ ತಿಳಿಯಲಿಲ್ಲ.

"ನೆನಪಿಲ್ಲ," ಎಂದೆ.

ಸಭೆ ನಕ್ಕಿತು. ಜೋರಾಗಿ ಅಲ್ಲ, ಮರ್ಯಾದೆಯಿಂದ. "ಮೇಷ್ಟ್ರು ನೆನಪು ಮಾಡ್ಕೊಂಡು ಬರ್ಲಿ," ಎಂದರು ಸದಸ್ಯರು. "ಆದ್ರೂ ಅತ್ಲಾಗಿನ ನೀರಲ್ಲಿ ಬೇಳೆ ಬೇಯಲ್ಲ ಅನ್ನೋದಂತೂ ಇದ್ದೇ ಐತೆ." ಮುಂದಿನ ಸಭೆಯಲ್ಲಿ ಮೋಟಾರು ಎತ್ತುವ ಠರಾವು ಎಂದು ಎದ್ದರು.

ಸಭೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ ಅಡುಗೆಯಾಕೆ ಬಸ್ ಸ್ಟಾಪಿನಲ್ಲಿ ನನ್ನನ್ನು ಹಿಡಿದಳು. ಮೊಮ್ಮಗಳು ಸೊಂಟದ ಮೇಲಿದ್ದಳು.

"ನೆನಪಿಲ್ಲ ಅಂತ ಯಾಕಂದ್ರಿ? ಹಾಕಿದೀನಿ ಅಂದಿದ್ರೆ ಮುಗೀತಿತ್ತಲ್ಲ."

"ಹಾಕಿದ್ದೀನೋ ಇಲ್ಲವೋ ಗೊತ್ತಿಲ್ವಲ್ಲಮ್ಮ."

"ನಿಮ್ಮನ್ನ ಕಟ್ಕೊಂಡ ಪುಣ್ಯಾತ್ಗಿತ್ತಿ ಹೆಂಗೆ ಏಗ್ತಾಳೋ." ಮೊಮ್ಮಗಳನ್ನು ಇನ್ನೊಂದು ಪಕ್ಕಕ್ಕೆ ಎತ್ತಿಕೊಂಡಳು. "ನಿಮ್ಮೋರ ಪರ ಸುಳ್ಳು ಹೇಳಕ್ಕೆ ಬಂದೋನಾಗಿದ್ರೆ ಅಲ್ಲೇ ಹೇಳ್ತಿದ್ರಿ. ಅದ್ಕೇ ಕೇಳ್ತಾ ಇದೀನಿ. ಇದ್ರ ಹಲ್ಲೂ ಹಂಗೇ ಆಗ್ತದಾ?"

ಮಗು ನನ್ನನ್ನು ನೋಡಿ ಬಾಯಿ ಅಗಲಿಸಿ ನಕ್ಕಿತು. ಬಿಕ್ಕೋಡಿನ ಝರಿ ನೀರು ಕುಡಿದು ಬಂದ ಹಲ್ಲು, ಹಾಲಿನ ಬಣ್ಣ.

"ನನ್ನ ಪರೀಕ್ಷೆ ಸರಿ ಇದ್ದರೆ, ಆಗುತ್ತೆ."

"ಸರಿ ಐತೋ ಇಲ್ವೋ ಅಂತ ತಿಳ್ಕೊಳೋದು ಹೆಂಗೆ?"

ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಮತ್ತೊಮ್ಮೆ ಒಬ್ಬನೇ ಪರೀಕ್ಷೆ ಮಾಡಿ, ಈ ಸಲ ಆಸಿಡ್ ಹಾಕಿದ್ದೇನೆ ಎಂದು ಹೇಳಿಕೊಂಡು ಬರುವುದರಲ್ಲಿ ಏನೂ ಅರ್ಥವಿಲ್ಲ ಎಂದು ಅಲ್ಲೇ ನಿಂತು ತೀರ್ಮಾನಿಸಿದೆ. ನನಗೆ ಆ ಉತ್ತರ ಬೇಕಾಗಿತ್ತು. ಕಾಲೋನಿಯ ನೀರು ಗೆಲ್ಲಬೇಕೆಂದು ಹೊಟ್ಟೆಯೊಳಗಿಂದ ಬೇಕಾಗಿತ್ತು. ಹಾಗೆ ಬೇಕಾದವನ ಕಣ್ಣು ಕೆಂಪನ್ನು ಸ್ವಲ್ಪ ಹೆಚ್ಚು ಕೆಂಪಗೆ, ಹಳದಿಯನ್ನು ಸ್ವಲ್ಪ ಹೆಚ್ಚು ಹಳದಿಯಾಗಿ ನೋಡುತ್ತದೆ. ಆದ್ದರಿಂದ ನನ್ನ ಕೈ, ನನ್ನ ಕಣ್ಣು, ನನ್ನ ನೆನಪು ಮೂರನ್ನೂ ಆಚೆಗಿಡಬೇಕು.

"ನೀವೇ ಮಾಡಿ," ಎಂದೆ ಆಕೆಗೆ. "ನಾನು ಮುಟ್ಟಲ್ಲ."

"ನಾನು? ನಂಗೆ ಸಾರಿಗೆ ಉಪ್ಪು ಹಾಕದು ಗೊತ್ತು, ಅಷ್ಟೆ."

"ಅಷ್ಟು ಸಾಕು."

ಅಂಗನವಾಡಿಯಲ್ಲಿ, ಮಕ್ಕಳು ಮನೆಗೆ ಹೋದ ಮೇಲೆ, ಸಾಮಾನೆಲ್ಲ ಹರಡಿದೆವು. ಎಂಜಿನಿಯರನ್ನೂ ಕರೆದಿದ್ದೆ, ಬಂದ. ನಾನು ಬಾಗಿಲಾಚೆ ನಿಂತಿದ್ದಾಗ ಅಡುಗೆಯಾಕೆ ಎರಡೂ ಬೋರಿನ ನೀರನ್ನು ನಳಿಕೆಗಳಿಗೆ ಹಾಕಿ, ತಳಕ್ಕೆ ತನಗಷ್ಟೇ ಗೊತ್ತಿರುವ ಗುರುತು ಹಚ್ಚಿದಳು. ಎಂಜಿನಿಯರ್ ಪ್ರತಿ ನಳಿಕೆಗೂ ಆಸಿಡ್ ಬಿಟ್ಟ, ಬಿಟ್ಟೆ ಬಿಟ್ಟೆ ಎಂದು ಗಟ್ಟಿಯಾಗಿ ಹೇಳಿದ. ಟೀಚರ್ ಕೆಂಪು ದ್ರಾವಣ ಹಾಕಿದಳು. ಬಣ್ಣ ನಿಲ್ಲುವವರೆಗೆ ಕಾಯಬೇಕು. ನಾನು ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತೆ.

"ಅಲ್ಲ ಮೇಷ್ಟ್ರೆ," ಎಂದಳು ಅಡುಗೆಯಾಕೆ, "ಈ ಫ್ಲೋರೈಡೂ ಒಂದು ಉಪ್ಪು ಅಂತೀರಿ, ಪಾತ್ರೆಗೆ ಕಟ್ಟೋ ಸುಣ್ಣಾನೂ ಒಂದು ಉಪ್ಪು ಅಂತೀರಿ. ಉಪ್ಪು ಅಂದ್ಮೇಲೆ ಕರಗಬೇಕಲ್ವ? ಕರಗ್ದೆ ಇದ್ರೆ ಅದೆಂಥ ಉಪ್ಪು?"

ಇದನ್ನು ನಾನು ವರ್ಷಗಟ್ಟಲೆ ಪಟ್ಟಿ ಮಾಡಿ ಕಲಿಸಿದ್ದೇನೆ. ನೈಟ್ರೇಟುಗಳೆಲ್ಲ ಕರಗುತ್ತವೆ, ಕಾರ್ಬೊನೇಟುಗಳಲ್ಲಿ ಕೆಲವೇ ಕರಗುತ್ತವೆ, ಬಾಯಿಪಾಠ ಮಾಡಿ ಎಂದು. ಯಾವ ವಿದ್ಯಾರ್ಥಿಯೂ ಏಕೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಅಡುಗೆ ಉಪ್ಪಿನ ಹರಳಲ್ಲಿ ಎರಡು ಥರದ ಕಣ," ಎಂದೆ. "ಒಂದಕ್ಕೆ ಧನ ವಿದ್ಯುತ್ತು, ಒಂದಕ್ಕೆ ಋಣ. ಒಂದನ್ನೊಂದು ಹಿಡಿದುಕೊಂಡಿರ್ತವೆ. ನೀರಿನ ಕಣಕ್ಕೂ ಒಂದು ತುದಿ ಆ ಕಡೆ ವಾಲಿರುತ್ತೆ, ಒಂದು ತುದಿ ಈ ಕಡೆ. ನೀರಿನ ಕಣಗಳು ಬಂದು ಆ ಕಡೆಯವರನ್ನೂ ಈ ಕಡೆಯವರನ್ನೂ ಬೇರೆ ಬೇರೆ ಸುತ್ತುವರೀತವೆ. ಸುತ್ತುವರಿಯೋ ಬಲಕ್ಕೆ ಹರಳಿನ ಹಿಡಿತ ಬಿಟ್ಟುಕೊಟ್ರೆ ಕರಗ್ತು ಅಂತೀವಿ."

"ಬಿಡ್ದಿದ್ರೆ?"

"ಹರಳು ಹರಳಾಗೇ ಉಳಿಯುತ್ತೆ. ಕ್ಯಾಲ್ಸಿಯಂಗೆ ವಿದ್ಯುತ್ತು ಎರಡರಷ್ಟು, ಫ್ಲೋರೈಡು ತೀರ ಚಿಕ್ಕದು. ಹತ್ತಿರ ಹತ್ತಿರ ಕೂತು ಬಿಗಿಯಾಗಿ ಹಿಡಿದುಕೊಳ್ತವೆ. ನೀರು ಎಷ್ಟು ಎಳೆದರೂ ಎಲ್ಲೋ ಸ್ವಲ್ಪ ಮಾತ್ರ ಬಿಡಿಸಿಕೊಳ್ಳುತ್ತೆ."

"ಗಂಡ ಹೆಂಡ್ತಿ ಇದ್ದಂಗೆ," ಎಂದಳು ಟೀಚರ್.

"ಅಲ್ಲ," ಎಂದೆ, ಬೇಕಾದದ್ದಕ್ಕಿಂತ ಗಡುಸಾಗಿ. ಕಥೆ ಕಟ್ಟಿದರೆ ಕೆಮಿಸ್ಟ್ರಿ ಕೆಡುತ್ತದೆ. ಹರಳನ್ನು ಒಡೆಯಲು ಬೇಕಾದ ಶಕ್ತಿ ದೊಡ್ಡದು, ನೀರು ಸುತ್ತುವರಿದಾಗ ಬಿಡುಗಡೆಯಾಗುವ ಶಕ್ತಿಯೂ ದೊಡ್ಡದು. ಅವೆರಡರ ನಡುವಿನ ಸಣ್ಣ ವ್ಯತ್ಯಾಸ, ಅದರ ಮೇಲೆ ನೀರಿನ ಕಣಗಳೆಲ್ಲ ಸಾಲಾಗಿ ನಿಲ್ಲಬೇಕಾಗುವ ನಷ್ಟ, ಇಷ್ಟೂ ಸೇರಿ ತೀರ್ಮಾನವಾಗುತ್ತದೆ. ಮೊದಲೇ ಊಹಿಸಿ ಹೇಳುವುದು ಕಷ್ಟ. ಅದಕ್ಕೇ ನಾವು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುತ್ತೇವೆ.

"ಹಂಗಾದ್ರೆ," ಎಂದಳು ಅಡುಗೆಯಾಕೆ ನಿಧಾನವಾಗಿ, "ಅತ್ಲಾಗಿನ ನೀರಲ್ಲಿ ಕ್ಯಾಲ್ಸಿಯಂ ಜಾಸ್ತಿ ಐತೆ, ಅದು ಫ್ಲೋರೈಡನ್ನ ಕರಗಾಕೆ ಬಿಡಲ್ಲ. ನಮ್ಮ ನೀರಲ್ಲಿ ಹಿಡಿಯೋರಿಲ್ಲ. ಕರಗಿ ನಮ್ಮ ಬಾಯಿಗೆ ಬತ್ತದೆ. ಬೇಳೆ ಬೇಯೋ ನೀರೇ ಹಲ್ಲು ತಿನ್ನೋ ನೀರು ಅನ್ನಿ."

ಅಷ್ಟೇ ವಿಷಯ. ಸೀನೀರು ಆಳದ ಬಂಡೆಯಲ್ಲಿ ಬಹುಕಾಲ ನಿಂತ ನೀರು. ಅದರ ಕ್ಯಾಲ್ಸಿಯಂ ದಾರಿಯಲ್ಲೇ ಸುಣ್ಣವಾಗಿ ಕೂತುಬಿಟ್ಟಿದೆ. ತಡೆಯುವವರಿಲ್ಲದೆ ಬಂಡೆಯ ಫ್ಲೋರೈಡ್ ನೀರಿಗಿಳಿದಿದೆ. ನಾಲಗೆಗೆ ಮಾತ್ರ ಸಿಹಿ.

ಬಣ್ಣ ನಿಂತಿತು. ಎಂಜಿನಿಯರ್ ನಳಿಕೆಗಳನ್ನು ಬಿಳಿ ಹಾಳೆಯ ಮುಂದೆ ಸಾಲಿಟ್ಟು, ಯಾವುದು ಹಳದಿ, ಯಾವುದು ಕೆಂಪು ಎಂದು ತಾನೇ ಹೇಳಿದ. ಅಡುಗೆಯಾಕೆ ತಳ ತಿರುಗಿಸಿ ನೋಡಿದಳು. ಹಳದಿಯಾದ ಪ್ರತಿ ನಳಿಕೆಯ ತಳದಲ್ಲೂ ವಿಭೂತಿ. ಕೆಂಪಿನ ತಳದಲ್ಲಿ ಅರಿಶಿನ.

"ವಿಭೂತಿ ನಮ್ದು," ಎಂದಳು. ಬೇರೇನೂ ಹೇಳದೆ ಮೂಲೆಯಲ್ಲಿ ಆಡುತ್ತಿದ್ದ ಮೊಮ್ಮಗಳ ಕೈಯಿಂದ ಸ್ಟೀಲ್ ಲೋಟ ಕಿತ್ತುಕೊಂಡು ನೀರನ್ನು ಹೊರಗೆ ಚೆಲ್ಲಿದಳು. ಮಗು ಅತ್ತಿತು.

ಎಂಜಿನಿಯರನಿಗೆ ಒಂದು ಉಪಾಯ ಹೊಳೆಯಿತು. "ಸಾರ್, ಎರಡೂ ನೀರನ್ನ ಟ್ಯಾಂಕಲ್ಲೇ ಬೆರೆಸಿದ್ರೆ? ಆ ಕಡೆಯ ಕ್ಯಾಲ್ಸಿಯಂ ಈ ಕಡೆಯ ಫ್ಲೋರೈಡನ್ನ ಹಿಡಿದು ತಳಕ್ಕೆ ಬೀಳಿಸಲ್ವ? ಯಾರಿಗೂ ಬೇಜಾರಿಲ್ಲ."

ಮಕ್ಕಳ ಸ್ಲೇಟಿನ ಮೇಲೆ ಲೆಕ್ಕ ಹಾಕಿದೆ. ಪುಸ್ತಕದ ಪ್ರಕಾರ ಬೀಳಬೇಕು. ಒಂದು ಕ್ಷಣ ನನಗೂ ಸಂತೋಷವಾಯಿತು. ಬಕೆಟ್ಟಿನಲ್ಲಿ ಸಮಸಮ ಬೆರೆಸಿ ಇಟ್ಟು ಮರುದಿನ ಬಂದು ನೋಡಿದೆವು. ನೀರು ಕನ್ನಡಿಯ ಹಾಗೆ ತಿಳಿ. ತಳದಲ್ಲಿ ಒಂದು ಕಣವಿಲ್ಲ. ಪರೀಕ್ಷೆ ಮಾಡಿದರೆ ಫ್ಲೋರೈಡ್ ಬೆರೆತು ತೆಳುವಾದಷ್ಟೇ ಇಳಿದಿತ್ತು, ಇನ್ನೂ ಮಿತಿಯ ಮೇಲೇ. ಹರಳು ಕಟ್ಟಬೇಕಾದರೆ ಮೊದಲ ಬೀಜ ಬೇಕು, ಕೂರಲು ಜಾಗ ಬೇಕು, ಸಮಯ ಬೇಕು. ಬೀಳಬೇಕಾದದ್ದು ಬೀಳದೆ ವರ್ಷಗಟ್ಟಲೆ ಕರಗಿಯೇ ಇರಬಹುದು. ಲೆಕ್ಕ ಅದನ್ನು ಹೇಳುವುದಿಲ್ಲ. ಯಾರಿಗೂ ಬೇಜಾರಾಗದ ದಾರಿ ಹೀಗೆ ಮುಗಿಯಿತು. ಕಾಲೋನಿಯ ನೀರೊಂದೇ ಉಳಿದದ್ದು. ಅದನ್ನು ಹಾಸನದ ಲ್ಯಾಬಿಗೂ ಕಳಿಸಿದೆವು. ರೋಗಾಣು, ನೈಟ್ರೇಟು ಯಾವುದೂ ಮಿತಿ ಮೀರಿರಲಿಲ್ಲ.

"ಬೇಳೆಗೆ ಒಂದು ಚಿಟಿಕೆ ಅಡುಗೆ ಸೋಡ ಹಾಕಿ," ಎಂದೆ ಅಡುಗೆಯಾಕೆಗೆ. "ಕ್ಯಾಲ್ಸಿಯಂ ಸುಣ್ಣವಾಗಿ ಕೂರುತ್ತೆ, ಬೇಳೆ ಬೇಯುತ್ತೆ."

"ಸೋಡ ಹಾಕಿದ್ರೆ ಬೇಯ್ತದೆ ಅಂತ ನೀವು ಹೇಳೋಕೆ ಮುಂಚೇನೇ ನಂಗೊತ್ತು ಮೇಷ್ಟ್ರೆ. ಈ ಊರಲ್ಲಿ ಎಲ್ಲಾ ಹೆಂಗುಸ್ರಿಗೂ ಗೊತ್ತು. ಬೇಯ್ತದೋ ಇಲ್ವೋ ಅನ್ನೋದಲ್ಲ ಮಾತು."

"ಮತ್ತೇನು?"

"ನನ್ನ ಬಾಯಿಂದ ಯಾಕೆ ಹೇಳಿಸ್ತೀರಿ?" ಎಂದು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ನನ್ನ ಕೋಪವೆಲ್ಲ ಆ ಒಂದು ಮಾತಿನ ಮೇಲೆ ಹೋಗಿ ನಿಂತಿತು. ಇಷ್ಟು ದಿನ ಎಲ್ಲರೂ ಬೇಳೆ ಬೇಳೆ ಎಂದು ಹೇಳುವಾಗ, ಬೇಳೆಯ ಹಿಂದೆ ಬೇರೇನೋ ಇದೆ ಎಂಬುದು ನನ್ನ ಅನುಮಾನವೋ, ಹುಟ್ಟಿನಿಂದ ಬಂದ ನೋವಿನ ಅಭ್ಯಾಸವೋ ಎಂದು ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ನನ್ನನ್ನು ನಾನು ಅನುಮಾನಿಸಿದಷ್ಟು ಅವರು ತಮ್ಮನ್ನು ಒಂದು ಸಲವೂ ಅನುಮಾನಿಸಿರಲಿಲ್ಲ.

ಎರಡನೆಯ ಸಭೆ ಅಂಗನವಾಡಿಯಲ್ಲೇ ನಡೆಯಿತು. ಊಟ ಇಟ್ಟಿದ್ದರು; ಮುದ್ದೆ, ಬೇಳೆ ಸಾರು, ಹಪ್ಪಳ. ಉಂಡು ಎಲ್ಲರೂ ಗೋಡೆಗೊರಗಿ ಕೂತ ಮೇಲೆ ಮಾತು ಶುರುವಾಯಿತು. ಎಂಜಿನಿಯರ್ ನಳಿಕೆಗಳ ಫೋಟೊ ತೋರಿಸಿದ, ಆಸಿಡ್ ತಾನೇ ಹಾಕಿದ್ದು ಎಂದ. ಮಾತನ್ನು ಈ ಸಲ ಅವನಿಗೇ ಬಿಟ್ಟಿದ್ದೆ.

"ಎಲ್ಲಾ ಒಪ್ಪೋ ಮಾತೇ," ಎಂದರು ಮಂಡಿಯ ಸದಸ್ಯರು, ಹಲ್ಲಿಗೆ ಕಡ್ಡಿ ಆಡಿಸುತ್ತಾ. "ಮಕ್ಕಳ ಹಲ್ಲಿನ ವಿಚಾರ ನಮಗೂ ಐತೆ. ಆದ್ರೆ ಆ ನೀರಲ್ಲಿ ಬೇಳೆ ಬೇಯಲ್ವಲ್ಲ, ಅಡುಗೆಯವ್ರು ಏನ್ ಮಾಡ್ಬೇಕು? ಕೇಳಿ ಬೇಕಾದ್ರೆ."

ಅಡುಗೆಯಾಕೆ ಎಲೆ ಎತ್ತುತ್ತಿದ್ದಳು. ನಿಲ್ಲಲಿಲ್ಲ.

"ಬೇಯ್ತಲ್ಲ ಸ್ವಾಮಿ," ಎಂದಳು. "ಸಾರು ಚೆನ್ನಾಗೈತೆ ಅಂತ ಎರಡು ಸಲ ಹಾಕಿಸ್ಕೊಂಡ್ರಲ್ಲ."

ಆ ಸಾರು ಕಾಲೋನಿಯ ನೀರಿನದು. ನನಗೂ ಗೊತ್ತಿರಲಿಲ್ಲ. ನಾನೂ ಅದೇ ಸಾರು ಉಂಡಿದ್ದೆ, ಸೀನೀರಿನದೆಂದೇ ಉಂಡಿದ್ದೆ.

ಸದಸ್ಯರು ಎದ್ದು ಹೊರಗೆ ಹೋಗಿ, ಬೀದಿ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದರು, ಮತ್ತೆ ಮುಕ್ಕಳಿಸಿದರು. ಬೀದಿ ನಲ್ಲಿ ಸೀನೀರಿನದು. ನಾನು ಹಾಗೆ ಕಂಡೆ ಎಂದು ನನಗೆ ನೆನಪು. ಟೀಚರನ್ನು ಆಮೇಲೆ ಕೇಳಿದರೆ, ಉಂಡ ಮೇಲೆ ಎಲ್ಲರೂ ಮುಕ್ಕಳಿಸ್ತಾರಲ್ಲ ಸಾರ್ ಎಂದಳು. ಇರಬಹುದು. ಅದರ ಮೇಲೆ ನಾನು ಪ್ರಮಾಣ ಮಾಡಲಾರೆ. ಅವರು ವಾಪಸು ಬಂದು ಕೂತದ್ದು, ಎಂಜಿನಿಯರ್ ಬರೆದದ್ದಕ್ಕೆ ಸಹಿ ಹಾಕಿದ್ದು ಮಾತ್ರ ಖಂಡಿತ. ಸಹಿ ಇದೆ. ಕಾಲೋನಿಯ ಮೋಟಾರು ಅಲ್ಲೇ ಉಳಿಯಿತು, ಪೈಪು ಅಲ್ಲಿಂದ ಟ್ಯಾಂಕಿಗೆ ಬಂತು.

ಈಚೆಗೆ ಹೋದಾಗ ಅಡುಗೆಯಾಕೆ ಅಂಗನವಾಡಿಯ ಮುಂದೆ ಕೂತು ಹುಣಸೆಹಣ್ಣು ಹಾಕಿ ಪಾತ್ರೆ ಉಜ್ಜುತ್ತಿದ್ದಳು. "ನೋಡಿ ನಿಮ್ಮ ಸುಣ್ಣ. ಉಜ್ಜಿ ಉಜ್ಜಿ ರಟ್ಟೆ ಬಿದ್ದೋಯ್ತು," ಎಂದು ಬೈದಳು. ಆ ಬಿಳಿ ಕರೆ ನೋಡಿ ನನಗೆ ಹಾಯೆನಿಸಿತು.

ಆಗ ಒಂದು ಸ್ಕೂಟರು ಬಂದು ನಿಂತಿತು. ಕೊಬ್ಬರಿ ಮಂಡಿಯ ಸದಸ್ಯರು. ಕಾಲ ನಡುವೆ ಖಾಲಿ ಕ್ಯಾನು. ನನ್ನನ್ನು ನೋಡಿ ಸ್ವಲ್ಪ ತಡವರಿಸಿದರು. "ನಮ್ಮ ಮನೆ ಮಗೂಗೆ, ಕುಡಿಯಕ್ಕೆ," ಎಂದರು.

"ಅತ್ಲಾಗಿನ ಬೋರೇ ನಿಮ್ಮನೆಗೆ ಇನ್ನೂ ಹತ್ರ ಆಗ್ತದಲ್ಲ ಸ್ವಾಮಿ," ಎಂದಳು ಅಡುಗೆಯಾಕೆ. "ಕಾಲೋನಿ ನಲ್ಲೀಲೇ ಹಿಡ್ಕೋಬೋದಿತ್ತು."

"ಅದು ಬೇಡ. ಇದು ಅಂಗನವಾಡಿ ನೀರಲ್ವ."

ಕ್ಯಾನು ತುಂಬಿಸಿಕೊಂಡು ಹೋದರು. ಸ್ಕೂಟರಿನ ಸದ್ದು ಅಡಗುವವರೆಗೆ ಆಕೆ ಉಜ್ಜುತ್ತಲೇ ಇದ್ದಳು.

"ಟ್ಯಾಂಕಿಗೆ ಬಿದ್ಮೇಲೆ ಕರಗೋಯ್ತು ನೋಡಿ," ಎಂದಳು ಆಮೇಲೆ, ನಗುತ್ತಾ. "ಅತ್ಲಾಗಿಂದು ಅನ್ನೋದು."

ನಾನು ನಗಲಿಲ್ಲ. ಆಕೆಯ ಕೈಯಿಂದ ಪಾತ್ರೆ ತೆಗೆದುಕೊಂಡು, ತಳದಲ್ಲಿ ಇನ್ನೂ ಕಟ್ಟಿದ್ದ ಬಿಳಿಯನ್ನು ಉಗುರಿನಿಂದ ಕೆರೆದೆ. ಬರಲಿಲ್ಲ.

"ಕರಗಿಲ್ಲಮ್ಮ," ಎಂದೆ.